ಅರ್ಜಿ ಅಂದ್ರೆ ಬೇಡೋದಲ್ಲ

ಚಳ್ಳಕೆರೆಯಲ್ಲಿ ನಾಲ್ಕು ದಿನ, ಮೊಳಕಾಲ್ಮೂರಿನಲ್ಲಿ ಎರಡು ದಿನ ಕೂತು ಜನರಿಗೆ ಅರ್ಜಿ ಬರೆದುಕೊಡುವುದು ನನ್ನ ಕಸುಬು. ಅರ್ಜಿ ಅನ್ನಿ, ಮನವಿ ಅನ್ನಿ, ಪಿಟೀಷನ್ ಅನ್ನಿ, ಬರೆಯುವ ಕೈ ಒಂದೇ. ನಾನೇನೋ ಗಂಭೀರವಾಗಿಯೇ ಪೆನ್ನು ಹಿಡಿಯುತ್ತೇನೆ. ಆದರೂ ನಗದೆ ಒಂದು ವಾರ ಕಳೆದದ್ದು ನನಗೆ ನೆನಪಿಲ್ಲ.

ಟಾಟಾ

ದೊಡ್ಡಉಳ್ಳಾರ್ತಿ ಕಡೆಯ ಅಜ್ಜಿಯೊಬ್ಬರು ಬಂದು, "ಬಸ್ಸಿನೋನ ಮ್ಯಾಲೆ ಒಂದು ಪಿಟೀಷನ್ ಹಾಕವ್ವ" ಅಂದರು.

"ಏನಾಯ್ತಜ್ಜಿ?"

"ನಮ್ಮೂರ ಗೇಟಲ್ಲಿ ನಿಲ್ಸಲ್ಲ. ನಾನು ಕೈ ತೋರಿಸ್ತೀನಿ. ಅವನೂ ನಗ್ತಾ ಕೈ ಬೀಸಿ ಹೋಗ್ತಾನೆ."

ಹಾಗೇ ಬರೆದೆ: "ನಾವು ಕೈ ತೋರಿಸಿದರೆ ಚಾಲಕರು ಟಾಟಾ ಮಾಡಿ ಹೋಗುತ್ತಾರೆ. ಅವರ ಪ್ರೀತಿಗೆ ಋಣಿ. ಜೊತೆಗೆ ಬಸ್ಸನ್ನೂ ನಿಲ್ಲಿಸಬೇಕಾಗಿ ಕೋರಿಕೆ."

ಮುಂದಿನ ವಾರ ಅಜ್ಜಿ ಮತ್ತೆ ಬಂದರು. "ನಿಲ್ಲಿಸ್ತಾನವ್ವ. ಈಗ ನೆಂಟರನ್ನ ಹತ್ತಿಸಿ ನಾನು ಟಾಟಾ ಮಾಡಿದ್ರೆ, ಹೊರಟ ಬಸ್ಸೂ ನಿಲ್ಲಿಸ್ತಾನೆ!"

ನೇಕಾರರ ಪುರಾವೆ

ಮೊಳಕಾಲ್ಮೂರಿನ ಹಿರಿಯ ನೇಕಾರರೊಬ್ಬರಿಗೆ ರೇಷನ್ ಕಾರ್ಡಿನಲ್ಲಿ ಕಸುಬು "ಕೂಲಿ" ಅಂತ ಬಿದ್ದಿತ್ತು. ತಿದ್ದಿಸಲು ಅರ್ಜಿ ಬರೆದು, ಕೊನೆಗೆ ರೂಢಿಯಂತೆ "ಬೇಡಿಕೊಳ್ಳುತ್ತೇನೆ" ಎಂದು ಸೇರಿಸಿ ಓದಿ ಹೇಳಿದೆ. ಅವರು ಅಲ್ಲಿಗೇ ತಡೆದು, ಮೊದಲು ತಮ್ಮ ತೆಲುಗಿನಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿದರು.

"ಅಡಗಡಂ ವೇರು, ಅಡುಕ್ಕೋವಡಂ ವೇರು ಅಮ್ಮಾ. ಕೇಳೋದು ಬೇರೆ, ಭಿಕ್ಷೆ ಬೇಡೋದು ಬೇರೆ. ನಾನು ಕೇಳ್ತಾ ಇದೀನಿ."

ಇಷ್ಟು ವರ್ಷ ನಾನು ಯೋಚಿಸದ ಮಾತು. "ಬೇಡಿಕೊಳ್ಳುತ್ತೇನೆ" ಹೊಡೆದು "ಕೇಳುತ್ತೇನೆ" ಎಂದು ಬರೆದೆ. ಅವತ್ತಿನಿಂದ ನನ್ನ ಯಾವ ಅರ್ಜಿಯೂ ಬೇಡಿಲ್ಲ.

ತಾಲ್ಲೂಕು ಕಚೇರಿಯ ಸಾಹೇಬರು "ನೇಕಾರ ಅನ್ನೋದಕ್ಕೆ ಪುರಾವೆ?" ಅಂದರಂತೆ. ಇವರು ಚೀಲದಿಂದ ರೇಷ್ಮೆ ಸೀರೆ ತೆಗೆದು ಮೇಜಿನ ತುಂಬ ಹರಡಿದರು. "ಒಂದು ಎಳೆ ತಪ್ಪಿದ್ರೆ ತೋರಿಸ್ರಿ, ಕೂಲಿ ಅಂತಲೇ ಇರ್ಲಿ."

ಸಾಹೇಬರು ಬಾಗಿಲ ಕಡೆ ನೋಡಿ ಗಾಬರಿಯಾದರು. "ತಿದ್ತೀನಿ ಯಜಮಾನ್ರೇ, ಮೊದ್ಲು ಮಡಚ್ರಿ. ನಮ್ ಹೆಂಡ್ತಿ ಹೊರಗೇ ಅವ್ಳೆ!"

ನನ್ನ ಮೇಲೆ ನಾನೇ

ಒಂದು ದಿನ ಚಳ್ಳಕೆರೆಯಲ್ಲಿ ಮಳೆ ಬಂತೆಂದು ನಾನು ಜೆರಾಕ್ಸ್ ಅಂಗಡಿಯೊಳಗೆ ಕೂತು ಬರೆಯುತ್ತಿದ್ದೆ. ಊರಿಗೆ ಹೊಸಬನಾದ ಎಳನೀರಿನವನೊಬ್ಬ ಬಂದ.

"ಅಕ್ಕಾ, ಆ ಹೊಂಗೆ ಮರದ ಕೆಳಗೆ ಯಾರೋ ಹೆಂಗಸು ಟೇಬಲ್ ಹಾಕ್ಕೊಂಡವಳಂತೆ. ಅವಳನ್ನ ಎಬ್ಬಿಸಿ ಆ ಜಾಗ ನಂಗೆ ಕೊಡ್ಲಿ ಅಂತ ಒಂದು ಅರ್ಜಿ ಬರ್ಕೊಡಿ."

ಆ ಹೆಂಗಸು ನಾನೇ. ಆದರೆ ಬಂದ ಗಿರಾಕಿಯನ್ನು ಬರಿಗೈಲಿ ಕಳಿಸಿದವಳಲ್ಲ. ಬಾಯಾರಿದ ಜನ, ಬಿಸಿಲು, ತಂಪು ನೆರಳು, ಎಲ್ಲ ಸೇರಿಸಿ ಮನಸ್ಸಿಟ್ಟು ಬರೆದೆ.

ನಾಲ್ಕು ದಿನಕ್ಕೆ ನಗರಸಭೆಯ ಸಾಹೇಬರು ಕರೆಸಿದರು. "ನಿಮ್ಮನ್ನ ಎಬ್ಬಿಸ್ರಿ ಅಂತ ಅರ್ಜಿ ಬಂದೈತೆ. ಓದಿದ್ರೆ ನಂಗೂ ಎಬ್ಬಿಸ್ಬೇಕು ಅನ್ಸುತ್ತೆ. ಯಾರ್ರೀ ಇದನ್ನ ಬರ್ದೋರು?"

"ನಾನೇ ಸಾರ್."

ಸಾಹೇಬರು ಕುರ್ಚಿಯಲ್ಲೇ ಒರಗಿ ನಕ್ಕರು. "ಹಂಗಾದ್ರೆ ನಿಮ್ಮ ಸಮಜಾಯಿಷಿನೂ ಬರ್ಕೊಡ್ರಿ. ಯಾವುದು ಗೆಲ್ಲುತ್ತೋ ನೋಡಾನ."

ಅದನ್ನೂ ಮನಸ್ಸಿಟ್ಟೇ ಬರೆದೆ. ಜಾಗ ನನಗೇ ಉಳಿಯಿತು.

ಮಾರನೇ ದಿನ ಮತ್ತೆ ಮಳೆ. ಎಳನೀರಿನವನು ಆ ಸಮಜಾಯಿಷಿಯ ನಕಲು ಹಿಡಿದು ಜೆರಾಕ್ಸ್ ಅಂಗಡಿಗೇ ಬಂದು, ನನ್ನಿಂದಲೇ ಓದಿಸಿಕೊಂಡು ನಿಟ್ಟುಸಿರು ಬಿಟ್ಟ.

"ನೀವು ಚೆನ್ನಾಗೇ ಬರ್ದಿದ್ರಿ ಅಕ್ಕಾ. ಆದ್ರೆ ಅವಳಿಗೆ ಬರ್ಕೊಟ್ಟೋರು ನಿಮಗಿಂತ ಗಟ್ಟಿಗರು!"