ಆರು ಮಂಚ, ನಾಲ್ಕು ಹೊರಸು

ನಮ್ಮ ಸೋದರಮಾವನಿಗೆ ಈ ಲೋಕದಲ್ಲಿ ನಂಬಿಕೆ ಇರುವುದು ಒಂದರ ಮೇಲೆ ಮಾತ್ರ: ರಬ್ಬರ್ ಸ್ಟ್ಯಾಂಪು! ಕೋಗಳಿಯ ಅವರ ಮನೆಗೆ ಮದುವೆ ಕಾರ್ಡು ಕೊಡಲು ಹೋದರೂ "ಸೀಲ್ ಎಲ್ಲೈತಿ?" ಎಂದು ಕೇಳುವ ಆಸಾಮಿ. ಇಂಥವರು ಆರೋಗ್ಯ ವಿಮೆ ಮಾಡಿಸದೆ ಬಿಡುತ್ತಾರೆಯೇ? ಪಾಲಿಸಿಗೆ ಗಾಜಿನ ಕಟ್ಟು ಹಾಕಿಸಿ, ದೇವರ ಫೋಟೋದ ಪಕ್ಕ ತೂಗುಹಾಕಿ, ದಿನವೂ ಊದಿನಕಡ್ಡಿ ಬೆಳಗುತ್ತಿದ್ದರು.

ಪಾಲಿಸಿಯ ಜೊತೆಗೊಂದು ಆಸ್ಪತ್ರೆಗಳ ಪಟ್ಟಿ. ಪಟ್ಟಿಯೊಳಗಿನ ಆಸ್ಪತ್ರೆಗೆ ಹೋದರೆ ಕಂಪನಿಯೇ ಬಿಲ್ ಕಟ್ಟುತ್ತದೆ. ಹೊರಗಿನದಕ್ಕೆ ಹೋದರೆ ಮೊದಲು ನಾವು ಕಟ್ಟಿ, ಆಮೇಲೆ ಕಾಗದ ಕಳಿಸಿ ಕಾಯಬೇಕು. ಪಟ್ಟಿಯಲ್ಲಿ ನಮಗೆ ಹತ್ತಿರದ್ದೆಂದರೆ ದೂರದ ದಾವಣಗೆರೆಯದು. ಒಂದು ದಿನ ಹೊಲದಲ್ಲಿ ಶೇಂಗಾ ಕೀಳುತ್ತಿದ್ದ ಅತ್ತೆಗೆ ಹಾವು ಕಚ್ಚಿತು. ಅದೇನು ಪಟ್ಟಿ ನೋಡಿಕೊಂಡು ಕಚ್ಚುತ್ತದೆಯೇ! ಮಾವ ಅತ್ತೆಯನ್ನು ಬೈಕಿನಲ್ಲಿ ಕೂರಿಸಿಕೊಂಡು ಪಕ್ಕದ ಕೊಟ್ಟೂರಿನ ಪುಟ್ಟ ಆಸ್ಪತ್ರೆಯೊಂದಕ್ಕೆ ಓಡಿದರು. ಅಲ್ಲಿನ ಡಾಕ್ಟರು ಎರಡು ದಿನ ಮನೆಯ ಮುಖ ನೋಡದೆ ಅತ್ತೆಯನ್ನು ಉಳಿಸಿಕೊಟ್ಟರು.

ಬಿಲ್ ಕಟ್ಟಿದ ಮೇಲೆ, ಕಂಪನಿಗೆ ಕಳಿಸುವ ಕಾಗದಗಳಿಗೆ ಶುರುವಾಯಿತು ಸೀಲಿನ ಕಾರ್ಯಕ್ರಮ. ಬಿಲ್ಲಿಗೆ, ಚೀಟಿಗೆ, ಖಾಲಿ ಔಷಧಿ ಪೆಟ್ಟಿಗೆಗೂ!

"ಇನ್ನ ಪೇಶೆಂಟಿನ ಹಣಿಗೆ ಒಂದು ಹೊಡಿಯೋದು ಬಾಕಿ ಐತಿ ನೋಡ್ರಿ, ಯಜಮಾನ್ರ" ಎಂದರು ಡಾಕ್ಟರು.

"ಹೊಡೀರಿ ಮತ್ತ, ಪುರಾವೆ ಇರ್ಲಿ!"

ಕಂಪನಿಯಿಂದ ಉತ್ತರ ಬಂತು: ಹತ್ತು ಹಾಸಿಗೆಗಳಿಲ್ಲದ ಕಾರಣ ಸದರಿ ಸ್ಥಳವನ್ನು ಆಸ್ಪತ್ರೆಯೆಂದು ಪರಿಗಣಿಸಲಾಗದು. ಅಲ್ಲಿದ್ದದ್ದು ಆರೇ ಮಂಚ.

ಬೇರೆಯವರಾಗಿದ್ದರೆ ವಕೀಲರ ಹತ್ತಿರ ಹೋಗುತ್ತಿದ್ದರು. ನಮ್ಮ ಮಾವ ಮನೆಯಲ್ಲಿ ತಾವು ಮಲಗುವ ನಾಲ್ಕು ಹಗ್ಗದ ಮಂಚಗಳನ್ನು, ಅಂದರೆ ನುಲಿ ಹೊರಸುಗಳನ್ನು, ಟ್ರ್ಯಾಕ್ಟರಿಗೆ ಏರಿಸಿ ಕೊಟ್ಟೂರಿಗೆ ಹೊರಟರು!

"ಇವು ಎದಕ್ರಿ?" ಡಾಕ್ಟರು ಗಾಬರಿಯಾದರು.

"ಆರು ನಿಮ್ಮವು, ನಾಕು ನಮ್ಮವು. ಎಣಿಸ್ಕೊಳ್ರಿ."

ಹೊರಸುಗಳನ್ನು ವರಾಂಡದಲ್ಲಿ ಸಾಲಾಗಿ ಹಾಕಿ, ಫೋಟೋ ತೆಗೆಸಿ, ಫೋಟೋಕ್ಕೂ ಸೀಲ್ ಹೊಡೆಸಿ ಕಳಿಸಿದರು. ಹಾವು ಕಚ್ಚಿದ ದಿನ ಎಷ್ಟಿದ್ದವು ಎಂದು ಕಂಪನಿ ಕೇಳಿತು. ಸುಳ್ಳು ಬರೆಯಲು ಮಾವನಿಗೆ ಬರದು. ಆರು ಎಂದೇ ಬರೆದರು. ಕಾಗದಗಳೆಲ್ಲ ವಾಪಸ್ ಬಂದವು.

"ಹೋಗ್ಲಿ ಬಿಡ್ರಿ ಮಾವ, ರೊಕ್ಕ ಹೋದ್ರ ಹೋತು" ಎಂದು ನಕ್ಕೆ.

ಮಾವನ ಮುಖ ಕೆಂಪಾಯಿತು. "ರೊಕ್ಕ ಯಾವನಿಗೆ ಬೇಕಲೇ? ಅದು ಆಸ್ಪತ್ರಿನ ಅಲ್ಲ ಅಂತ ಬರದಾರ. ಹಂಗಾದ್ರ ನಿಮ್ಮತ್ತಿ ಬದುಕಿದ್ದು ಎಲ್ಲಿ?"

ನನ್ನ ನಗು ಅಲ್ಲಿಗೇ ನಿಂತಿತು, ನಾಚಿಕೆಯಾಯಿತು. ಹೊರಸುಗಳನ್ನು ಅವರು ವಾಪಸ್ ತರಲಿಲ್ಲ. ರೋಗಿಗಳ ಕಡೆಯವರು ಅವುಗಳ ಮೇಲೆ ಮಲಗುತ್ತಾರೆ. ಮಾವ, ಅತ್ತೆ ನೆಲದ ಮೇಲೆ ಕೌದಿ ಹಾಸಿಕೊಳ್ಳುತ್ತಾರೆ. ದೇವರ ಪಕ್ಕದ ಊದಿನಕಡ್ಡಿ ಈಗಲೂ ತಪ್ಪಿಲ್ಲ. ಆದರೆ ಆ ಕಟ್ಟಿನೊಳಗೆ ಈಗ ಪಾಲಿಸಿ ಇಲ್ಲ. ಡಾಕ್ಟರು ಕೈಯಾರೆ ಬರೆದುಕೊಟ್ಟ ಒಂದು ಚೀಟಿ ಇದೆ: "ರೋಗಿ ಗುಣಮುಖ, ಮನೆಗೆ ಹೋಗಬಹುದು." ಅದರ ಕೆಳಗೆ ಸೀಲ್.