ಎಡಹಿಡಿಯ ಚಳಿ

“ವೈರೇ ಹೋಗಿರೋದು ಅಕ್ಕ, ಬೇಕಾದ್ರೆ ಬರೆದಿಟ್ಕೊ!”

“ಬರೆದಿಡೋಕೆ ಅದು ಹೋಗಿರಬೇಕಲ್ಲಪ್ಪಾ! ಹ್ಯಾಂಡಲ್ ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ. ಫ್ಯೂಸ್ ಗಟ್ಟಿಯಾಗಿದೆ. ಎರಡು ಹಿಡಿಗೂ ಮೀಟರ್ ಒಂದೇ ಅಂಕಿ ತೋರಿಸ್ತಿದೆ.”

ನಾರ್ವೆಯ ಉತ್ತರದ ಕರಶೊಕ್‌ನಲ್ಲಿ ರಿಸ್ತೆನ್ ಹಿಮದ ಮೇಲೆ ಓಡುವ ಸ್ನೋಮೊಬೈಲ್‌ಗಳ ರಿಪೇರಿಗೆ ಕೂತು ಇಪ್ಪತ್ತು ಚಳಿಗಾಲ ಕಳೆದಿದ್ದವು. ಹಿಡಿಯೊಳಗೆ ಕೈ ಬೆಚ್ಚಗಿಡುವ ತಂತಿ ಕೆಟ್ಟರೆ ಎಲ್ಲಿ ಕೆಡುತ್ತದೆಂದು ಅವಳ ಬೆರಳಿಗೇ ಗೊತ್ತಿತ್ತು. ಇದು ಕೆಟ್ಟಿರಲಿಲ್ಲ. ರಿಪೇರಿಗೆ ಬಂದಿದ್ದ ನೀಲ್ಲಸ್ ತನ್ನ ಗಾಡಿಯ ಎಡಹಿಡಿಯ ಸುತ್ತ ಹಿಮಸಾರಂಗದ ದಪ್ಪ ತೊಗಲಿನ ಕವಚವೊಂದನ್ನು ಕೆಂಪು ಲಾಡಿಯಿಂದ ಬಿಗಿದಿದ್ದ. ಅದು ಅವಳ ಕಣ್ಣಿಗೆ ಬಿದ್ದು ಆಗಲೇ ಅರ್ಧ ಗಂಟೆಯಾಗಿತ್ತು. ಅದನ್ನು ಹೊಲಿದ ಅವನ ಅತ್ತೆ ಸಿಗ್ಗಾ ಒಲೆಯ ಪಕ್ಕ ಕೂತು ಅಲ್ಲಿನ ರೂಢಿಯಂತೆ ಕಾಫಿಗೆ ಚೀಸ್ ತುಂಡು ಹಾಕಿಕೊಳ್ಳುತ್ತಿದ್ದಳು.

“ಭಾನುವಾರ ಹಗ್ಗದ ಕುಣಿಕೆ ಎಸೆಯೋ ಪಂದ್ಯ,” ನೀಲ್ಲಸ್ ಗೋಗರೆದ. “ಅಲ್ಲಿಗೆ ಅರವತ್ತು ಕಿಲೋಮೀಟರು. ಮುಟ್ಟೋ ಹೊತ್ತಿಗೆ ಈ ಕೈ ಒಣಮೀನು. ಹಗ್ಗ ಬಿಡು ಅಂದ್ರೆ ಬೆರಳು ಬಿಡಲ್ಲ. ಹೋದ ವರ್ಷ ಗೆದ್ದ ಷಡ್ಡಕ ಇನ್ನೂ ನಗ್ತಾನೇ ಇದಾನೆ.”

“ಹಾಗಾದ್ರೆ ಆ ಕವಚ...”

“ಶ್! ಅತ್ತೆ ಕ್ರಿಸ್‌ಮಸ್‌ಗೆ ಕೊಟ್ಟಿದ್ದು. ಬಿಚ್ಚಿದರೆ ಮನೆಗೆ ಹೋಗೋ ಹಾಗಿಲ್ಲ.”

“ಒಂದೇ ಯಾಕೆ ಕೊಟ್ರು?”

“ಇನ್ನೊಂದು ಹೊಲೀತಿರಬಹುದು. ಕೇಳಿದ್ರೆ ಅದೂ ಬಂದ್ಬಿಡತ್ತೆ!”

“ಶಾಖನೆಲ್ಲ ತೊಗಲು ನುಂಗ್ತಿದೆ ಕಣೋ. ನಿನ್ನ ಗಾಡಿ ಸತ್ತ ಸಾರಂಗಕ್ಕೆ ಶಾಖ ಕೊಡ್ತಿದೆ.”

“ಗೊತ್ತು! ಅದಕ್ಕೇ ಅತ್ತೆಗೆ ವೈರ್ ಹೋಗಿದೆ ಅನ್ನು. ಹೊಸ ಹಿಡಿ ಹಾಕ್ಬೇಕು, ಅದು ದಪ್ಪ, ಕವಚ ಕೂರಲ್ಲ ಅನ್ನು.”

“ಸರಿಯಿರೋದನ್ನ ಕೆಟ್ಟಿದೆ ಅಂದ್ರೆ, ನಾಳೆ ಕೆಟ್ಟಿದ್ದನ್ನ ನನ್ನ ಹತ್ರ ಯಾರು ತರ್ತಾರೆ?”

“ಏನದು ಪಿಸುಪಿಸು?” ಒಲೆಯ ಕಡೆಯಿಂದ ಸಿಗ್ಗಾಳ ದನಿ ಬಂತು.

“ನಿಮ್ಮ ಕೈಕೆಲಸ ಹೊಗಳ್ತಿದ್ವಿ ಅತ್ತೆ!”

ಸಿಗ್ಗಾ ಎದ್ದು ಬಂದಳು. ಕನ್ನಡಕ ಏರಿಸಿ ಹಿಡಿಯನ್ನು ನೋಡಿದಳು.

“ಅಳಿಯಂದಿರೇ, ಮೂರು ತಿಂಗಳಿಂದ ಬಾಯಿ ಕಟ್ಟಿಕೊಂಡಿದ್ದೆ. ಇವತ್ತು ಕೇಳೇ ಬಿಡ್ತೀನಿ. ಕೆಟಲ್‌ಗೆ ಹಾಕೋ ಕವಚ ಇಲ್ಲಿ ಯಾಕಿದೆ?”

“ಕೆ... ಕೆಟಲ್‌ಗಾ?”

“ಬೆಂಕಿ ಮೇಲಿಂದ ಇಳಿಸೋವಾಗ ಅದರ ಹಿಡಿ ಕೈ ಸುಡಬಾರದು ಅಂತ ಹೊಲಿದೆ. ನೀವು ಗಾಡಿಗೆ ಕಟ್ಟಿದ್ರಿ. ಮುದುಕಿ ಮನಸ್ಸು ನೋಯಬಾರದು ಅಂತ ಎಲ್ಲೋ ಒಂದು ಕಡೆ ಸಿಕ್ಕಿಸಿದಾರೆ ಅಂದ್ಕೊಂಡು ಸುಮ್ಮನಿದ್ದೆ.”

ಆಕೆಯ ಮಾತು ಮುಗಿಯುವ ಮೊದಲೇ ನೀಲ್ಲಸ್ ಲಾಡಿ ಬಿಚ್ಚಿದ್ದ. ರಿಸ್ತೆನ್ ಇಂಜಿನ್ ಚಾಲೂ ಮಾಡಿದಳು. ಎಡಹಿಡಿ ಹಿಡಿದು ನಿಂತ ನೀಲ್ಲಸನ ಮುಖ ಮೆಲ್ಲಗೆ ಅರಳಿತು.

ಸಿಗ್ಗಾ ಕವಚದ ಹೊಲಿಗೆಯ ಮೇಲೆ ಬೆರಳಾಡಿಸಿದಳು. “ನಿಜ ಹೇಳು ರಿಸ್ತೆನ್, ಒಳಗಿನ ಶಾಖ ಒಂಚೂರಾದ್ರೂ ಆಚೆ ಬಂದಿತ್ತಾ?”

“ಇಲ್ಲಮ್ಮ. ಮೂರು ತಿಂಗಳು ಒಂಚೂರೂ ಬಂದಿಲ್ಲ. ಇವನ ಬೆರಳೇ ಸಾಕ್ಷಿ.”

“ಮತ್ತೆ! ನನ್ನ ಹೊಲಿಗೆಗೆ ಯಾರೂ ಹೆಸರಿಡೋ ಹಾಗಿಲ್ಲ.” ಸಿಗ್ಗಾ ಕವಚವನ್ನು ಜೇಬಿಗೆ ಸೇರಿಸಿಕೊಂಡಳು. “ಇನ್ನು ಭಾನುವಾರ ಸೋತರೆ, ಬೇರೆ ಏನಾದ್ರೂ ನೆಪ ಹುಡುಕ್ಕೊಳ್ಳಿ ಅಳಿಯಂದಿರೇ.”