ಹಳದಿ ಬೆನ್ನಿನ ಹಿಂದೆ

ಮುದ್ರಣಾಲಯದ ವಾರ್ಷಿಕ ಓಟದಲ್ಲಿ ಕರಡು ತಿದ್ದುವಾತ ಸತತ ಆರು ವರ್ಷ ಕೊನೆಯವನಾಗಿ ಬಂದಿದ್ದ. ಅದಕ್ಕೆ ಅವನೇನೂ ತಲೆ ಕೆಡಿಸಿಕೊಂಡಿರಲಿಲ್ಲ. ಈ ಸಲ ಮಾತ್ರ ಎಂಟು ವರ್ಷದ ಮಗಳು ನೋಡಲು ಬರುತ್ತೇನೆಂದು ಹಟ ಹಿಡಿದು ಬಂದಿದ್ದಳು. ಅವಳೆದುರು ಕೊನೆಯವನಾಗಬಾರದು, ಅಷ್ಟೇ ಅವನ ಆಸೆ.

ಮೈದಾನಕ್ಕೆ ಕಾಲಿಟ್ಟದ್ದೇ ತಡ, ಉಪದೇಶ ಶುರುವಾಯಿತು.

"ಕನ್ನಡಿ ಮುಂದೆ ನಿಂತು 'ನಾನೇ ಗೆಲ್ತೀನಿ' ಅಂತ ನೂರು ಸಲ ಹೇಳಿ ಅಂದಿದ್ನಲ್ಲ, ಹೇಳಿದ್ರಾ?" ಎಂದ ಪುಸ್ತಕ ಕಟ್ಟುವ ಬೈಂಡರ್.

"ಹನ್ನೆರಡು ಸಲ ಹೇಳಿದೆ. ಅಷ್ಟರಲ್ಲಿ ನನ್ನವಳು 'ಫೋನಲ್ಲಿ ಯಾರು?' ಅಂದ್ಲು."

ಹೆಂಡತಿಯ ತಮ್ಮ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರು. ಅವನು ಪಕ್ಕಕ್ಕೆ ಕರೆದು ಹೇಳಿದ: "ಗೆಲ್ಲೋ ಮಾತು ಬಿಡಿ ಭಾವ. ಸಣ್ಣ ಗುರಿ ಇಟ್ಕೊಳ್ಳಿ. ಮುಂದಿರೋ ಒಂದೇ ಒಂದು ಬೆನ್ನು ನೋಡಿ, ಅದನ್ನ ದಾಟಿ. ಸಾಕು."

ಇದು ಆತನಿಗೆ ಹಿಡಿಸಿತು. ಕರಡು ತಿದ್ದುವುದೂ ಹಾಗೆಯೇ. ಓದುವ ಸಾಲಿನ ಕೆಳಗೆ ಅಡ್ಡಪಟ್ಟಿ ಇಟ್ಟರೆ ಉಳಿದ ಪುಟ ಲೋಕದಲ್ಲೇ ಇರುವುದಿಲ್ಲ.

ಸೀಟಿ ಊದಿದರು. ಮುಂದೆ ಹಳದಿ ಅಂಗಿಯ ಬೆನ್ನೊಂದಿತ್ತು. ಅದು ಯಾರದೆಂದು ನೋಡಲು ಆತ ಹೋಗಲಿಲ್ಲ. ಅಕ್ಷರ ನೋಡುವವನಿಗೆ ಅರ್ಥ ಕಟ್ಟಿಕೊಂಡು ಏನಾಗಬೇಕು? ಎರಡನೇ ಸುತ್ತಿಗೆ ಉಸಿರು ಬಾಯಿಗೆ ಬಂತು. ಆದರೂ ಬೆನ್ನು ಕೈತಪ್ಪಲಿಲ್ಲ. 'ನನ್ನಿಂದ ಆಗುತ್ತೆ' ಎಂದು ಜೀವನದಲ್ಲಿ ಮೊದಲ ಸಲ ಅನ್ನಿಸಿ ಖುಷಿಯಾಯಿತು.

ಹಳದಿ ಬೆನ್ನು ಎಡಕ್ಕೆ ತಿರುಗಿತು, ಈತನೂ ತಿರುಗಿದ. ಅದು ಗೇಟು ದಾಟಿತು, ಈತನೂ ದಾಟಿದ. ತರಕಾರಿ ಗಾಡಿ, ಔಷಧದ ಅಂಗಡಿ, ಎರಡು ಬೀದಿ ಕಳೆದು, ಮೂಲೆಮನೆಯ ಬಾಗಿಲ ಬಳಿ ಬೆನ್ನನ್ನು ಹಿಂದೆ ಹಾಕಿಯೇಬಿಟ್ಟ. ತಿರುಗಿ ನೋಡಿದರೆ ಮುದ್ರಣಯಂತ್ರ ನಡೆಸುವಾತ, ಐದು ವರ್ಷದಿಂದ ಓಟ ಗೆಲ್ಲುತ್ತಿದ್ದವನು.

"ಇಲ್ಲಿಗ್ಯಾಕೆ ಬಂದ್ರಿ?" ಎಂದು ಈತ ಏದುಸಿರಿನಲ್ಲಿ ಕೇಳಿದ.

"ಇದು ನನ್ನ ಮನೆ," ಎಂದು ಅವನು ಮೆಟ್ಟಿಲ ಮೇಲೆ ಕುಸಿದ. "ಐದು ವರ್ಷದಲ್ಲಿ ನನ್ನ ಹಿಂದೆ ಯಾರ ಹೆಜ್ಜೆ ಸದ್ದೂ ಕೇಳಿರ್ಲಿಲ್ಲ. ಇವತ್ತು ಕೇಳ್ತು, ಧೈರ್ಯ ಹೋಯ್ತು. ಸೋಲೋದಕ್ಕಿಂತ ಹೊಟ್ಟೆನೋವು ಅಂತ ಹೇಳೋದು ಮೇಲು ಅನ್ನಿಸ್ತು. ನೀವು ಮನೇವರೆಗೂ ಬಿಡ್ಲಿಲ್ಲ."

ಇಬ್ಬರೂ ಮೈದಾನಕ್ಕೆ ಮರಳುವಷ್ಟರಲ್ಲಿ ಬೈಂಡರ್ ಕಪ್ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಿದ್ದ. ಫಲಿತಾಂಶದ ಪಟ್ಟಿಯಲ್ಲಿ ಈತನ ಹೆಸರು ಕೊನೆಯಲ್ಲೂ ಇರಲಿಲ್ಲ.

"ಅಪ್ಪಾ, ನೀನು ಎಷ್ಟನೆಯವನು?" ಎಂದಳು ಮಗಳು.

ಆತ ಹಳದಿ ಅಂಗಿಯವನ ಕಡೆ ನೋಡಿದ. ಅವನು ಹೊಟ್ಟೆ ಹಿಡಿದುಕೊಂಡು ಆಕಾಶ ನೋಡುತ್ತಿದ್ದ.

"ಇಲ್ಲಿ ಲೆಕ್ಕಕ್ಕಿಲ್ಲ ಪುಟ್ಟಿ. ಬೀದೀಲಿ ನಾನೇ ಮೊದಲು."

ಮಗಳು ಅಪ್ಪನ ಬೆವರುಗೈ ಹಿಡಿದುಕೊಂಡಳು. "ಹಾಗಾದ್ರೆ ಮುಂದಿನ ವರ್ಷ ನಾನು ಬೀದೀಲೇ ನಿಂತ್ಕೋತೀನಿ."